ಮೂಗುತಿಯ ಕಥೆ, ಕೆರೆಯ ಗೀತೆ: ಮಕ್ಕಳಿಗೆ ಪುರಂದರದಾಸರ ಪರಿಚಯ

ಹೊಸೂರಿನಲ್ಲಾಗಲಿ ಮಡಕಶಿರದಲ್ಲಾಗಲಿ ಕಾಸರಗೋಡಿನಲ್ಲಾಗಲಿ, ಕರ್ನಾಟಕ ಸಂಗೀತವನ್ನು ಕಲಿಯಲು ಕುಳಿತ ಮಗು ಸರಳೆ, ಜಂಟಿ ವರಸೆ ಹಾಗೂ ಅಲಂಕಾರಗಳನ್ನು ದಾಟಿ ಬಂದ ಮೇಲೆ ಮೊದಲ ಬಾರಿಗೆ ಸಾಹಿತ್ಯವುಳ್ಳ ರಚನೆಗೆ ದನಿಗೂಡಿಸುವುದು ಪಿಳ್ಳಾರಿ ಗೀತೆಗಳಲ್ಲಿ. ಚೆನ್ನೈ, ಹೈದರಾಬಾದು, ತಿರುವನಂತಪುರಗಳ ಮಗುವಿಗೂ ಇದೇ ದಾರಿ. ‘ಶ್ರೀ ಗಣನಾಥ’, ‘ಕುಂದಗೌರ’ ಮುಗಿದು ‘ಕೆರೆಯ ನೀರನು’ ಬರುವ ಹೊತ್ತಿಗೆ ದಕ್ಷಿಣ ಭಾರತದ ಯಾವ ಭಾಷೆಯ ಮಗುವೇ ಆಗಲಿ ಅಚ್ಚ ಕನ್ನಡದ ವಾಕ್ಯವೊಂದನ್ನು ಬಾಯಿಪಾಠ ಮಾಡಿರುತ್ತದೆ. ಶಾಲೆಯಲ್ಲಿ, ಕಚೇರಿಯಲ್ಲಿ, ಬಸ್ಸಿನ ಫಲಕದಲ್ಲಿ ಕನ್ನಡಕ್ಕೆ ಎರಡನೆಯ ಅಥವಾ ಮೂರನೆಯ ಸ್ಥಾನವಿರುವ ಗಡಿನಾಡಿನಲ್ಲಿ ಸಂಗೀತದ ಚಾಪೆಯೊಂದರ ಮೇಲೆ ಮಾತ್ರ ಅದು ಯಾವ ಕಾಯ್ದೆಯ ನೆರವೂ ಇಲ್ಲದೆ ಮೊದಲ ಸ್ಥಾನದಲ್ಲಿದೆ. ಆದರೆ ತಾನು ಹಾಡುತ್ತಿರುವುದು ಕನ್ನಡ ಎಂದು ಆ ಮಗುವಿಗೆ ಹೇಳುವವರು ವಿರಳ.

ಅದೇ ಮಗುವಿಗೆ ಬೇರೊಂದು ಬಾಗಿಲಿನಿಂದ ಪುರಂದರದಾಸರ ಚರಿತ್ರೆ ದೊರೆಯುತ್ತದೆ. ಶಾಲೆಯ ಪಾಠ, ಕಿರುಹೊತ್ತಗೆ, ಚಿತ್ರಕಥೆ, ಆರಾಧನೆಯ ದಿನದ ಭಾಷಣ ಎಲ್ಲದರಲ್ಲೂ ಕಥೆಯೊಂದೇ. ಜಿಪುಣ ಶ್ರೀನಿವಾಸ ನಾಯಕ, ಮಗನ ಉಪನಯನಕ್ಕೆಂದು ಬೇಡಿ ಬಂದ ಬಡ ಬ್ರಾಹ್ಮಣ, ಸರಸ್ವತಿ ಕೊಟ್ಟ ಮೂಗುತಿ, ಅದು ನಾಯಕನ ಅಂಗಡಿಗೇ ಬಂದು ಸೇರುವುದು, ವಿಷದ ಬಟ್ಟಲಲ್ಲಿ ಮೂಗುತಿ ಕಾಣಿಸಿಕೊಳ್ಳುವುದು, ಐಶ್ವರ್ಯದ ತ್ಯಾಗ, ವ್ಯಾಸರಾಯರ ದೀಕ್ಷೆ. 1964ರಲ್ಲಿ, ದಾಸರು ತೀರಿಕೊಂಡರೆಂದು ಸಂಪ್ರದಾಯ ಹೇಳುವ ವರ್ಷಕ್ಕೆ ನಾಲ್ಕು ಶತಮಾನ ತುಂಬಿದಾಗ, ಅಂಚೆ ಇಲಾಖೆಯ ಸ್ಮಾರಕ ಚೀಟಿಯೂ ರಾಜ್‌ಕುಮಾರ್ ಅಭಿನಯದ ‘ನವಕೋಟಿ ನಾರಾಯಣ’ ಚಲನಚಿತ್ರವೂ ಬಂದವು. ಆ ಚಿತ್ರದ ಹೆಸರೇ ಕಥೆಯ ತೂಕ ಯಾವ ಕಡೆಗಿದೆ ಎಂಬುದನ್ನು ತಿಳಿಸುತ್ತದೆ. ದಾಸರಾಗುವ ಮುನ್ನ ಅವರಲ್ಲಿದ್ದ ಹಣ ಇಂದಿಗೂ ಅವರ ಪರಿಚಯದ ಮೊದಲ ವಾಕ್ಯವಾಗಿ ಉಳಿದಿದೆ.

ಕಥೆ ಸುಳ್ಳೋ ನಿಜವೋ ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ. ವಾಗ್ಗೇಯಕಾರನೊಬ್ಬನನ್ನು ಮಗುವಿಗೆ ಪರಿಚಯಿಸುವ ಕಥೆಯಲ್ಲಿ ಸಂಗೀತ ಎಲ್ಲಿದೆ? ಹೋಲಿಕೆಗೆ ಯುರೋಪಿನ ಉದಾಹರಣೆಯೊಂದನ್ನು ನೋಡಬಹುದು. ಯೋಹಾನ್ ಸೆಬಾಸ್ಟಿಯನ್ ಬಾಖ್ ಕುರಿತ ಮಕ್ಕಳ ಪುಸ್ತಕಗಳು ತಪ್ಪದೆ ಹೇಳುವ ಪ್ರಸಂಗ, ಬಾಲಕ ಬಾಖ್ ಅಣ್ಣನ ಬೀರುವಿನಲ್ಲಿದ್ದ ಸ್ವರಪುಸ್ತಕವನ್ನು ಕದ್ದು ತೆಗೆದು ಬೆಳುದಿಂಗಳಲ್ಲಿ ತಿಂಗಳುಗಟ್ಟಲೆ ನಕಲು ಮಾಡಿಕೊಂಡದ್ದು. 1754ರಲ್ಲಿ ಪ್ರಕಟವಾದ ಮರಣಲೇಖನದಿಂದ ಬಂದ ಈ ಕಥೆಗೂ ದಂತಕಥೆಯ ಬಣ್ಣವಿದೆ. ಆದರೂ ಅದರ ನಡುವೆ ಇರುವುದು ಒಂದು ಸಂಗೀತಕೃತಿ ಮತ್ತು ಅದನ್ನು ಬಯಸುವ ಒಂದು ಕೈ. ನಕಲು ಮಾಡುತ್ತ ಕಲಿಯುವುದು ಆ ಕಾಲದ ಕಸುಬಿನ ಕ್ರಮವೇ ಆಗಿತ್ತು. ಆದ್ದರಿಂದ ಆ ಕಥೆಯನ್ನು ಕೇಳಿದ ಮಗು ಬಾಖ್‌ನ ಕೋಣೆಯೊಳಗೆ ಕಾಲಿಡುತ್ತದೆ. ಮೂಗುತಿಯ ಕಥೆಯಲ್ಲಾದರೋ ಒಂದು ಸ್ವರವೂ ಇಲ್ಲ. ಕಥೆ ಮುಗಿದ ಮೇಲೆ, ‘ಅನಂತರ ಅವರು ಲಕ್ಷಾಂತರ ಕೀರ್ತನೆಗಳನ್ನು ರಚಿಸಿದರು’ ಎಂಬ ಒಂದೇ ವಾಕ್ಯದಲ್ಲಿ ಸಂಗೀತವನ್ನು ಮುಗಿಸಿಬಿಡುತ್ತೇವೆ.

ಈ ಲಕ್ಷಾಂತರದ ಲೆಕ್ಕವನ್ನಾದರೂ ಮಗುವಿನ ಮುಂದಿಟ್ಟು ನೋಡಬೇಕು. ಸಂಪ್ರದಾಯ ಹೇಳುವ ಸಂಖ್ಯೆ 4,75,000. ನಲವತ್ತು ವರ್ಷ ಒಂದು ದಿನವೂ ಬಿಡದೆ ರಚಿಸಿದರೆಂದುಕೊಂಡರೂ ದಿನಕ್ಕೆ 32 ಹಾಡುಗಳಾಗುತ್ತವೆ. ನಾಲ್ಕನೆಯ ತರಗತಿಯ ಭಾಗಾಕಾರ ಬಲ್ಲ ಯಾವ ಮಗುವೂ ಇಲ್ಲಿ ಹುಬ್ಬೇರಿಸುತ್ತದೆ. ಉಳಿದು ಬಂದಿರುವವು ಸುಮಾರು ಒಂದು ಸಾವಿರ ಎಂಬುದು ಸಾಮಾನ್ಯ ಅಂದಾಜು. ದೊಡ್ಡ ಸಂಖ್ಯೆಯನ್ನು ಭಕ್ತಿಯ ಅಳತೆಯೆಂದು ಓದಬೇಕೇ ಹೊರತು ದಾಖಲೆಯೆಂದಲ್ಲ. ಈ ವ್ಯತ್ಯಾಸವನ್ನು ಮಕ್ಕಳಿಗೆ ತಿಳಿಸುವುದು ಕಷ್ಟವೆಂದು ನಮ್ಮ ಪಠ್ಯಕಾರರು ಭಾವಿಸಿದಂತಿದೆ. ಆದರೆ ಅದಕ್ಕೆ ಬೇಕಾದ ಸಲಕರಣೆ ಕನ್ನಡದಲ್ಲೇ ಸಿದ್ಧವಾಗಿದೆ: ‘ಅಂತೆ’ ಎಂಬ ಎರಡಕ್ಷರ. ಅಜ್ಜಿ ಕಥೆ ಹೇಳುವಾಗ ನಾಯಕ ಜಿಪುಣನಾಗಿದ್ದನಂತೆ, ಬ್ರಾಹ್ಮಣ ಬಂದನಂತೆ, ಮೂಗುತಿ ಕಾಣಿಸಿತಂತೆ. ಕಥೆಯ ಸವಿ ಕೆಡುವುದಿಲ್ಲ, ಹೇಳುವವಳು ಸಾಕ್ಷಿಯಾಗಿ ನಿಂತಿಲ್ಲವೆಂಬುದೂ ಸ್ಪಷ್ಟ. ಅದೇ ಕಥೆ ಪಠ್ಯಪುಸ್ತಕಕ್ಕೆ ಬಂದೊಡನೆ ‘ಅಂತೆ’ ಕಳಚಿಬಿದ್ದು ಎಲ್ಲವೂ ಕಣ್ಣಾರೆ ಕಂಡ ಚರಿತ್ರೆಯಾಗುತ್ತದೆ. ಗಡಿನಾಡಿನ ಮಗುವಿಗೆ ಈ ಸೂಕ್ಷ್ಮ ಎರಡು ಪಟ್ಟು ತಿಳಿದಿರುತ್ತದೆ. ತೆಲುಗಿನ ‘ಅಟ’, ತಮಿಳಿನ ‘ಆಮ್’, ಮಲಯಾಳದ ‘ಅತ್ರೆ’, ಮರಾಠಿಯ ‘ಮ್ಹಣೆ’ ಮಾಡುವ ಕೆಲಸ ಇದೇ ಅಲ್ಲವೇ? ಮನೆಯಲ್ಲಿ ಒಂದನ್ನೂ ಬೀದಿಯಲ್ಲಿ ಇನ್ನೊಂದನ್ನೂ ಬಳಸುವ ಮಗುವಿಗೆ, ನೋಡಿದ ಮಾತು ಯಾವುದು, ಕೇಳಿದ ಮಾತು ಯಾವುದು ಎಂಬ ವಿವೇಕವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಅದನ್ನು ಅಳಿಸದಿದ್ದರೆ ಸಾಕು.

ಹುಟ್ಟೂರಿನ ವಿಚಾರದಲ್ಲೂ ‘ಅಂತೆ’ ಉಪಯುಕ್ತ. ಪುಣೆಯ ಸಮೀಪದ ಪುರಂದರಗಡ ಎನ್ನುವವರಿದ್ದಾರೆ, ತೀರ್ಥಹಳ್ಳಿ ತಾಲ್ಲೂಕಿನ ಕ್ಷೇಮಪುರ ಎನ್ನುವವರಿದ್ದಾರೆ. ಗಡಿಯ ಆಚೆಗೋ ಈಚೆಗೋ ಎಂಬ ಹಟದಿಂದಲೇ ಈ ಚರ್ಚೆಗೆ ಕಾವು ಬಂದಿದೆ. ಹದಿನಾರನೆಯ ಶತಮಾನದ ವ್ಯಕ್ತಿಗೆ 1956ರ ಭೂಪಟವನ್ನು ತೊಡಿಸುವ ಈ ಉತ್ಸಾಹವನ್ನು ಮಕ್ಕಳ ಪುಸ್ತಕದಿಂದ ಹೊರಗಿಡುವುದು ಲೇಸು.

ಹಾಗಿದ್ದರೆ ಚರಿತ್ರೆಯನ್ನು ಎಲ್ಲಿಂದ ಪ್ರಾರಂಭಿಸಬೇಕು? ಅವರ ಹೆಸರಿನಲ್ಲಿರುವ ಒಂದು ಹಾಡಿನಿಂದ ಎಂಬುದು ನನ್ನ ವಾದ. ‘ಆದದ್ದೆಲ್ಲ ಒಳಿತೇ ಆಯಿತು’ ಎಂಬ ಪ್ರಸಿದ್ಧ ಪದದಲ್ಲಿ ಹಾಡುಗಾರ ತನ್ನ ಬದುಕು ತಿರುಗಿದ ಬಗೆಯನ್ನು ತಾನೇ ಹೇಳಿಕೊಳ್ಳುತ್ತಾನೆ. ಅಲ್ಲಿ ಮೂಗುತಿಯಿಲ್ಲ, ವಿಷದ ಬಟ್ಟಲಿಲ್ಲ, ಪವಾಡವಿಲ್ಲ. ಅಲ್ಲಿರುವುದು ನಾಚಿಕೆ. ದಂಡಿಗೆ ಹಿಡಿದು ಬೀದಿಯಲ್ಲಿ ನಿಲ್ಲಲು ನಾಚಿಕೆ, ಗೋಪಾಳದ ಬುಟ್ಟಿ ಹಿಡಿಯಲು ಅಡ್ಡ ಬಂದ ಗರ್ವ, ತುಳಸಿಮಾಲೆ ಹಾಕಿಕೊಳ್ಳಲು ಸಂಕೋಚ. ಮೊದಲ ಎರಡನ್ನೂ ಬಿಡಿಸಿದವಳು ಹೆಂಡತಿ ಎಂದು ಆತ ಕೃತಜ್ಞತೆಯಿಂದ ನೆನೆಯುತ್ತಾನೆ. ನಾಲ್ಕು ಜನರ ಮುಂದೆ ಮೊದಲ ಬಾರಿಗೆ ಹಾಡಲು ನಿಂತ ಮಗುವಿಗೆ ಈ ನಾಚಿಕೆಗಿಂತ ಹತ್ತಿರದ ಅನುಭವ ಯಾವುದಿದ್ದೀತು? ಪ್ರಚಲಿತ ಕಥೆಯಲ್ಲಿ ಸರಸ್ವತಿ ಮೂಗುತಿಯನ್ನು ಕೊಟ್ಟು, ಹೆದರಿ, ಅತ್ತು, ಕೊನೆಗೆ ಗಂಡನ ಹಿಂದೆ ನಡೆಯುವ ಪಾತ್ರ. ಹಾಡಿನಲ್ಲಿ ಅವಳು ವಾದ್ಯವನ್ನು ಕೈಗೆ ಕೊಟ್ಟವಳು. ಮಕ್ಕಳ ಪುಸ್ತಕಗಳು ಹಾಡನ್ನು ಬಿಟ್ಟು ಕಥೆಯನ್ನು ಹಿಡಿದದ್ದರಿಂದ ಆದ ದೊಡ್ಡ ನಷ್ಟ ಇದು.

ಈಗ ಸಂಗೀತದ ಬಾಗಿಲಿಗೆ ಬರೋಣ. ಸರಳೆಯಿಂದ ಗೀತೆಯವರೆಗಿನ ಪಾಠಕ್ರಮವನ್ನು ಪುರಂದರದಾಸರೇ ರೂಪಿಸಿದರು, ಮಾಯಾಮಾಳವಗೌಳವನ್ನು ಮೊದಲ ರಾಗವೆಂದು ಅವರೇ ಆರಿಸಿದರು ಎಂಬುದು ಎಲ್ಲ ಪಠ್ಯಗಳ ಒಕ್ಕೊರಲ ಹೇಳಿಕೆ. ಇದಕ್ಕೆ ಆಧಾರ ಸಂಪ್ರದಾಯವೇ. ರಾಗದ ಇಂದಿನ ಹೆಸರೂ ಅವರ ಕಾಲದ್ದಲ್ಲ. ಹಳೆಯ ಹೆಸರು ಮಾಳವಗೌಳ. ಕಟಪಯಾದಿ ಕ್ರಮದಲ್ಲಿ 15 ಎಂಬ ಮೇಳಸಂಖ್ಯೆಯನ್ನು ಸೂಚಿಸಲು ‘ಮಾಯಾ’ ಎಂಬ ಮುನ್ನೆಲೆ ಸೇರಿದ್ದು ಮೇಳಕರ್ತ ಪದ್ಧತಿ ಬೆಳೆದ ಮೇಲೆ. ಪಿಳ್ಳಾರಿ ಗೀತೆಗಳ ಕರ್ತೃತ್ವವೂ ಅಷ್ಟು ಸರಳವಲ್ಲ. ‘ಕೆರೆಯ ನೀರನು’ ಗೀತೆಯಲ್ಲಿ ಪುರಂದರವಿಠಲನ ಅಂಕಿತವಿದೆ, ‘ಶ್ರೀ ಗಣನಾಥ’ದಲ್ಲಿ ಇಲ್ಲ. ‘ಕುಂದಗೌರ’ ಹೇಮಕೂಟದ ವಿರೂಪಾಕ್ಷನನ್ನು ನೆನೆಯುತ್ತದೆ. ವೈಷ್ಣವ ದಾಸರೊಬ್ಬರು ಹಂಪಿಯ ಶಿವನನ್ನು ಹಾಡಿರಲಾರರು ಎಂದೇನೂ ಅಲ್ಲ. ಆದರೂ ಪ್ರಶ್ನೆ ಕೇಳುವುದಕ್ಕೆ ಅವಕಾಶವಿದೆ. ಪಿಯಾನೋ ಕಲಿಯುವ ಮಕ್ಕಳಿಗೆ ಬಾಖ್‌ನದೆಂದು ತಲೆಮಾರುಗಳ ಕಾಲ ಕಲಿಸಿದ ಜಿ ಮೇಜರ್ ಮಿನುಯೆಟ್, ಆನಾ ಮಗ್ದಲೇನಾಳ 1725ರ ಪುಸ್ತಕದಲ್ಲಿದ್ದರೂ, ಕ್ರಿಶ್ಚಿಯನ್ ಪೆಟ್‌ಜೋಲ್ಡ್ ಎಂಬವನ ರಚನೆಯೆಂದು ಕಳೆದ ಶತಮಾನದ ಉತ್ತರಾರ್ಧದಲ್ಲಿ ಖಚಿತವಾಯಿತು. ಅದರಿಂದ ಆ ಮಿನುಯೆಟ್ ಪಾಠದಿಂದ ಹೊರಬೀಳಲಿಲ್ಲ. ಹೆಸರಿನ ಮೇಲಿನ ವಿಶ್ವಾಸ ಸಡಿಲವಾದರೂ ಕೃತಿ ಉಳಿಯುತ್ತದೆ ಎಂಬುದನ್ನು ಮಕ್ಕಳು ನಾವೆಣಿಸಿದ್ದಕ್ಕಿಂತ ಸುಲಭವಾಗಿ ಒಪ್ಪಿಕೊಳ್ಳುತ್ತಾರೆ.

ಪಾಠಕ್ರಮವನ್ನು ಯಾರೇ ಮಾಡಿರಲಿ, ಅದರೊಳಗಿನ ಜಾಣ್ಮೆ ಮಗುವಿಗೆ ತೋರಿಸತಕ್ಕದ್ದು. ಮಾಯಾಮಾಳವಗೌಳದಲ್ಲಿ ಷಡ್ಜದಿಂದ ಮಧ್ಯಮದವರೆಗೆ ಸ್ವರಗಳ ನಡುವೆ ಎಂಥ ಅಂತರಗಳಿವೆಯೋ ಪಂಚಮದಿಂದ ಮೇಲಿನ ಷಡ್ಜದವರೆಗೂ ಅಂಥವೇ ಇವೆ. ಕೆಳಗಿನ ಅರ್ಧವನ್ನು ಕಲಿತ ಕಂಠಕ್ಕೆ ಮೇಲಿನ ಅರ್ಧ ಅದರದೇ ಪಡಿಯಚ್ಚು. ಗೀತೆಗಳ ರಾಗವಾದ ಮಲಹರಿ ಇದರದೇ ಜನ್ಯ: ಏರುವಾಗ ಗಾಂಧಾರವನ್ನು ಬಿಡುತ್ತದೆ, ನಿಷಾದವನ್ನಂತೂ ಏರಿಳಿತಗಳೆರಡರಲ್ಲೂ ಮುಟ್ಟುವುದಿಲ್ಲ. ಏಳು ಸ್ವರಗಳನ್ನು ಕಲಿತ ಬೆನ್ನಿಗೇ, ಕೆಲವನ್ನು ಬಿಡುವುದರಿಂದ ಹೊಸ ರೂಪವೊಂದು ಹುಟ್ಟುತ್ತದೆಂಬ ಪಾಠ ಇಲ್ಲಿದೆ. ‘ನಿ ಎಲ್ಲಿ ಹೋಯಿತು?’ ಎಂದು ಕೇಳಿಸಿಕೊಂಡ ಮಗು ರಾಗವೆಂದರೇನೆಂಬುದರ ಹೊಸ್ತಿಲಲ್ಲಿ ನಿಂತಿರುತ್ತದೆ. ಆ ಪ್ರಶ್ನೆಯನ್ನು ಎತ್ತುವ ಚರಿತ್ರೆಯ ಪುಸ್ತಕ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಸ್ವರ ಸಂಗೀತದ ಮೇಷ್ಟರ ಪಾಲು, ಕಥೆ ಭಾಷೆಯ ಮೇಷ್ಟರ ಪಾಲು ಎಂದು ಹಿಸ್ಸೆ ಮಾಡಿಕೊಂಡಿದ್ದೇವೆ.

ಈ ಹಿಸ್ಸೆಯಿಂದ ಇಬ್ಬರಿಗೂ ತಪ್ಪಿಹೋಗಿರುವುದು ಸಾಹಿತ್ಯ. ‘ಕೆರೆಯ ನೀರನು’ ಎಂಬ ಹೆಸರನ್ನೇ ಅಳೆದು ನೋಡಿ. ‘ಕೆರೆಯ’ ಮೂರು ಮಾತ್ರೆ, ‘ನೀರನು’ ನಾಲ್ಕು ಮಾತ್ರೆ. ಗೀತೆಯ ತಾಳ ತ್ರಿಪುಟ, ಅದರ ಎಣಿಕೆ ಮೂರು, ಎರಡು, ಎರಡು. ಪದದ ಅಳತೆ ತಾಳದ ಅಳತೆಗೆ ಬೆರಳಿಗೆ ಉಂಗುರದಂತೆ ಕೂರುತ್ತದೆ. ಶಾಲೆಯ ವ್ಯಾಕರಣದಂತೆ ‘ನೀರನ್ನು’ ಎಂದು ತಿದ್ದಿದರೆ ಐದು ಮಾತ್ರೆಯಾಗಿ ತಾಳ ಕೆಡುತ್ತದೆ. ಮೂರು ಮತ್ತು ನಾಲ್ಕರ ಈ ನಡೆ ಭಾಮಿನಿ ಷಟ್ಪದಿಯದು, ಕುಮಾರವ್ಯಾಸನದು. ಕಾಸರಗೋಡಿನ ಮಗು ಯಕ್ಷಗಾನದ ಭಾಗವತರ ಬಾಯಲ್ಲಿ ಭಾಮಿನಿಯನ್ನು ಕೇಳಿಯೇ ಬೆಳೆದಿರುತ್ತದೆ. ಪಾರ್ತಿಸುಬ್ಬನ ನಾಡಿನಲ್ಲಿ ತ್ರಿಪುಟ ತಾಳವನ್ನು ಪರಿಚಯಿಸಲು ಇದಕ್ಕಿಂತ ಹತ್ತಿರದ ದಾರಿ ಬೇಕಿಲ್ಲ.

ಕೆರೆ ಎಂಬ ಪದವೇ ಗಡಿನಾಡಿನ ಪಾಠ. ಹಳಗನ್ನಡದಲ್ಲಿ ಅದು ಶಕಟರೇಫದ ‘ಕೆಱೆ’. ತೆಲುಗಿನಲ್ಲಿ ‘ಚೆರುವು’, ಮಲಯಾಳದಲ್ಲಿ ‘ಚಿರ’, ತಮಿಳಿನಲ್ಲಿ ನೀರಿನ ಕಟ್ಟೆಯೆಂಬ ಅರ್ಥವುಳ್ಳ ‘ಚಿಱೈ’. ಎಲ್ಲವೂ ಒಂದೇ ಬೇರಿನವು. ಇ, ಎ ಸ್ವರಗಳ ಮುಂದೆ ಕನ್ನಡ ಉಳಿಸಿಕೊಂಡ ಕಕಾರ ಉಳಿದ ಮೂರರಲ್ಲಿ ಚಕಾರವಾಯಿತು; ನಮ್ಮ ‘ಕಿವಿ’ ತೆಲುಗು ಮಲಯಾಳಗಳಲ್ಲಿ ‘ಚೆವಿ’ ಆದಂತೆ. ಕಣ್ಣೂರಿನ ಪಕ್ಕದ ಚಿರಕ್ಕಲ್‌ನ ಹೆಸರಿನಲ್ಲಿ ಇರುವುದೂ ಇದೇ ಕೆರೆ. ‘ನೀರು’ ಎಂಬುದಂತೂ ನಾಲ್ಕೂ ಭಾಷೆಗಳಿಗೆ ಸಾಮಾನ್ಯ. ಹೀಗಿರುವಾಗ ರಾಯದುರ್ಗದ ತೆಲುಗು ಮಾಧ್ಯಮದ ಮಗುವಿಗೆ ಈ ಗೀತೆ ಅರ್ಥವಾಗದ ಮಂತ್ರವಾಗಿ ಉಳಿಯಬೇಕಾದ್ದಿಲ್ಲ. ತನ್ನ ಎರಡೂ ನುಡಿಗಳು ಒಂದೇ ಕೆರೆಯ ಎರಡು ತೂಬುಗಳೆಂದು ಅದು ಹಾಡುತ್ತಲೇ ಕಂಡುಕೊಳ್ಳಬಹುದು. ನಮ್ಮ ವ್ಯಾಸಂಗ ಪತ್ರಿಕೆಗಳಲ್ಲಿ ದ್ರಾವಿಡ ಭಾಷಾವಿಜ್ಞಾನವೆಂದು ಅಡಿಟಿಪ್ಪಣಿ ಹೊತ್ತು ಬರುವ ವಿಷಯ ಇಲ್ಲಿ ಎಂಟು ವರ್ಷದ ಮಗುವಿನ ನಾಲಿಗೆಯ ಮೇಲಿದೆ.

ಮೊದಲ ಗೀತೆಯಲ್ಲೂ ಇಂಥದೊಂದು ಎಳೆಯಿದೆ. ‘ಶ್ರೀ ಗಣನಾಥ’ ಬಹುಪಾಲು ಸಂಸ್ಕೃತ. ಆದರೆ ಅದರಲ್ಲಿ ಲಕ್ಷ್ಮಿ ‘ಲಕುಮಿ’ಯಾಗಿ ಬರುತ್ತಾಳೆ. ದಾಸಸಾಹಿತ್ಯದ ಓದುಗರಿಗೆ ಚಿರಪರಿಚಿತವಾದ ತದ್ಭವ ಅದು. ಕ್ಷಕಾರದ ಒರಟು ಕಳೆದು ಮೂರು ಹಗುರ ಅಕ್ಷರಗಳಾಗಿ ಬಿಡಿಸಿಕೊಂಡ ಆ ಪದ ಎಳೆಯ ನಾಲಿಗೆಗೆ ಎಷ್ಟು ಹೊಂದುತ್ತದೆಂಬುದನ್ನು ಹಾಡಿಸಿ ನೋಡಿದವರು ಬಲ್ಲರು. (‘ಪಿಳ್ಳಾರಿ’ ಎಂಬ ಹೆಸರನ್ನು ತಮಿಳರ ಪಿಳ್ಳೈಯಾರ್‌ಗೆ, ಅಂದರೆ ಗಣಪನಿಗೆ, ಜೋಡಿಸುವುದು ವಾಡಿಕೆ. ಕನ್ನಡ ದಾಸರ ಹೆಸರಿನಲ್ಲಿ ನಡೆಯುವ ಪಾಠಕ್ಕೆ ತಮಿಳು ಗಣಪನ ಹೆಸರು! ಗಡಿಯೆಂಬುದು ಸಂಗೀತದಲ್ಲಿ ಎಂದೂ ನೆಟ್ಟಗಿರಲಿಲ್ಲ.)

ಅಡ್ಡಿಯಾಗುವುದು ಲಿಪಿ. ಹೊಸೂರು, ತಾಳವಾಡಿಗಳ ಸಂಗೀತದ ಮಗುವಿನ ಕೈಗೆ ಸಾಮಾನ್ಯವಾಗಿ ಸಿಗುವುದು ತಮಿಳು ಲಿಪಿಯಲ್ಲಿ ಅಚ್ಚಾದ ಸ್ವರಪುಸ್ತಕ. ಕ, ಖ, ಗ, ಘಗಳಿಗೆ ಅಲ್ಲಿ ಒಂದೇ ಅಕ್ಷರ. ವ್ಯತ್ಯಾಸ ತೋರಿಸಲು ಸಂಗೀತದ ಪುಸ್ತಕಗಳು ಅಕ್ಷರದ ಪಕ್ಕದಲ್ಲಿ 2, 3, 4 ಎಂಬ ಪುಟ್ಟ ಅಂಕೆಗಳನ್ನು ಹಾಕುತ್ತವೆ. ಈ ಜಾಣ ಏರ್ಪಾಟನ್ನು ಪಾಲಿಸಿದ ಪುಸ್ತಕದಲ್ಲಿ ‘ಗೌರ’ ಗೌರನಾಗಿಯೇ ಉಳಿಯುತ್ತಾನೆ, ಪಾಲಿಸದಿದ್ದಲ್ಲಿ ‘ಕೌರ’ನಾಗುತ್ತಾನೆ. ಇದನ್ನು ಅಪಭ್ರಂಶವೆಂದು ನಾವು ನಗುವುದುಂಟು. ಕನ್ನಡ ಪುಸ್ತಕಗಳಲ್ಲಿ ತಮಿಳು ಕೀರ್ತನೆಗಳ ‘ೞ’ಕಾರಕ್ಕೆ ನಾವು ಮಾಡುವ ಗತಿಯನ್ನು ನೆನೆದರೆ ನಗು ತಾನಾಗಿ ನಿಲ್ಲುತ್ತದೆ. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯ್ದೆಯ ನಂತರ, ಕೇರಳದಲ್ಲಿ 2017ರ ಮಲಯಾಳ ಕಾಯ್ದೆಯ ನಂತರ ಕನ್ನಡ ಲಿಪಿಯ ಕಲಿಕೆಯೇ ಚರ್ಚೆಯ ವಿಷಯವಾಗಿರುವಾಗ, ಎರಡು ಲಿಪಿಗಳನ್ನು ಎದುರುಬದುರು ಪುಟಗಳಲ್ಲಿ ಅಚ್ಚುಮಾಡಿದ ಗೀತೆಗಳ ಪುಸ್ತಕ ಯಾವ ವಾದವನ್ನೂ ಹೂಡದೆ ಒಂದು ಲಿಪಿಯನ್ನು ಉಳಿಸಬಲ್ಲದು. ದಾಸರ ಪದಗಳನ್ನು ಅಚ್ಚಿಗೆ ತಂದ ಮೊದಲಿಗರಲ್ಲಿ ಮಂಗಳೂರಿನ ಜರ್ಮನ್ ಮಿಶನರಿ ಹರ್ಮನ್ ಮೊಗ್ಲಿಂಗ್ ಒಬ್ಬ. ಅವನ ಸಂಕಲನ ಬಂದದ್ದು 1850ರಲ್ಲಿ. ಪರಭಾಷಿಕನೊಬ್ಬ ಕಿವಿಗೊಟ್ಟು ಕೂಡಿಸಿದ ಪದಗಳಿಗೆ ಲಿಪಿಯ ಗಡಿ ದಾಟುವುದು ಹೊಸದೇನಲ್ಲ.

ಇಲ್ಲಿಯವರೆಗಿನ ಮಾತು ದಕ್ಷಿಣ ಮತ್ತು ಪೂರ್ವದ ಗಡಿಗೆ ಹೊಂದುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಪಿಳ್ಳಾರಿ ಗೀತೆಗಳ ರೂಢಿಯಿಲ್ಲ. ಅಲ್ಲಿ ಶಾಸ್ತ್ರೀಯ ಸಂಗೀತವೆಂದರೆ ಹಿಂದುಸ್ತಾನಿ. ಪುರಂದರದಾಸರು ಅಲ್ಲಿಯ ಮಗುವಿಗೆ ಸಿಗುವುದು ಭಜನೆಯಲ್ಲಿ, ತುಕಾರಾಮನ ಅಭಂಗದ ಪಕ್ಕದಲ್ಲಿ, ಗದಗಿನ ಭೀಮಸೇನ ಜೋಶಿಯವರ ದಾಸವಾಣಿಯ ಧ್ವನಿಮುದ್ರಿಕೆಗಳಲ್ಲಿ. ಅಂಕಿತದ ವಿಠಲನ ಪಂಢರಪುರ ಇರುವುದೇ ಸೊಲ್ಲಾಪುರ ಜಿಲ್ಲೆಯಲ್ಲಿ. ಆದ್ದರಿಂದ ‘ಕರ್ನಾಟಕ ಸಂಗೀತ ಪಿತಾಮಹ’ ಎಂಬ ಬಿರುದಿನಿಂದ ಪ್ರಾರಂಭವಾಗುವ ಪರಿಚಯ ಅಲ್ಲಿಯ ಮಗುವಿಗೆ ಯಾವ ಹಿಡಿಕೆಯನ್ನೂ ಕೊಡುವುದಿಲ್ಲ. ಬಿರುದು ಎಲ್ಲ ಕಡೆಯೂ ದುರ್ಬಲವೇ ಎನ್ನಿ. ಪಿತಾಮಹ ಎಂದೊಡನೆ ಮಗುವಿನ ಕಣ್ಣಿಗೆ ಕಟ್ಟುವುದು ಬಿಳಿಗಡ್ಡ, ತಂಬೂರಿ ಮತ್ತು ದೂರ. ‘ಗುಮ್ಮನ ಕರೆಯದಿರೆ’ ಎಂಬ ಪದ ಆ ದೂರವನ್ನು ಒಂದೇ ಹೆಜ್ಜೆಗೆ ದಾಟಿಸುತ್ತದೆ. ಗುಮ್ಮನನ್ನು ಕರೆಯಬೇಡವೆಂದು ಅಮ್ಮನನ್ನು ಅಂಗಲಾಚುವ ಆ ಪದದಲ್ಲಿ ಮಾತಾಡುತ್ತಿರುವುದು ಮಗುವೇ. ಗುಮ್ಮ ಜತ್ತದ ಮನೆಗಳಲ್ಲಿ ಬಾಗುಲಬುವಾ, ಹೊಸೂರಿನಲ್ಲಿ ಪೂಚ್ಚಾಂಡಿ. ಹೆದರಿಕೆ ಒಂದೇ.

ಹಿಂದಿನ ಕಾಲದ ಸಂಗೀತಕಾರನೊಬ್ಬನನ್ನು ಮಕ್ಕಳ ಮುಂದಿಡಲು ಬೆಂಜಮಿನ್ ಬ್ರಿಟನ್ ಕಂಡುಕೊಂಡ ಉಪಾಯವನ್ನು ಇಲ್ಲಿ ನೆನೆಯಬಹುದು. ಹೆನ್ರಿ ಪರ್ಸೆಲ್ ತೀರಿಕೊಂಡು 250 ವರ್ಷವಾದ 1945ರಲ್ಲಿ, ಶೈಕ್ಷಣಿಕ ಚಲನಚಿತ್ರವೊಂದಕ್ಕಾಗಿ ಅವನು ರಚಿಸಿದ ವಾದ್ಯವೃಂದದ ಕೃತಿಯಲ್ಲಿ ಪರ್ಸೆಲ್‌ನ ಚರಿತ್ರೆಯ ಒಂದು ವಾಕ್ಯವೂ ಇಲ್ಲ. ಇರುವುದು ಪರ್ಸೆಲ್‌ನ ಒಂದು ಧಾಟಿ. ಅದನ್ನು ಮೊದಲು ಎಲ್ಲ ವಾದ್ಯಗಳೂ ನುಡಿಸುತ್ತವೆ. ಅನಂತರ ಕೊಳಲು, ಓಬೋ, ಪಿಟೀಲು, ಕೊನೆಗೆ ತಾಳವಾದ್ಯ ಎಂದು ಪ್ರತಿಯೊಂದೂ ತನ್ನ ಸರದಿಯಲ್ಲಿ ಅದನ್ನು ಬಿಡಿಸಿ ತೋರಿಸುತ್ತದೆ. ಕೊನೆಯಲ್ಲಿ ಅದೇ ಧಾಟಿ ಇಡಿಯಾಗಿ ಮರಳುವಾಗ ಕೇಳುವ ಮಗುವಿಗೆ ಅದು ಹಳೆಯ ಪರಿಚಯ. ಸತ್ತ ಸಂಗೀತಕಾರನ ಬದುಕನ್ನು ಬಿಟ್ಟು ಅವನ ಒಂದು ಕೃತಿಯನ್ನು ಎಲ್ಲ ಬಾಗಿಲುಗಳಿಂದ ತೋರಿಸುವ ಈ ಕ್ರಮ ಗಡಿನಾಡಿಗೂ ಒಗ್ಗುತ್ತದೆ. ಮಾಯಾಮಾಳವಗೌಳದ ಏಳು ಸ್ವರಗಳೇ ಹಿಂದುಸ್ತಾನಿಯ ಭೈರವದ ಸ್ವರಗಳು. ಮಡಕಶಿರದ ಮಗು ಸರಳೆ ಹಾಡುವಾಗ ಏರಿಳಿಯುವ ಮೆಟ್ಟಿಲುಗಳನ್ನೇ ಅಕ್ಕಲಕೋಟೆಯ ಮಗು ಭೈರವದ ಆರೋಹ ಅವರೋಹಗಳಲ್ಲಿ ಏರಿಳಿಯುತ್ತದೆ. ರಿಷಭ ಧೈವತಗಳಿಗೆ ಒಬ್ಬರು ಶುದ್ಧವೆನ್ನುತ್ತಾರೆ, ಇನ್ನೊಬ್ಬರು ಕೋಮಲವೆನ್ನುತ್ತಾರೆ. ಆಂದೋಲನ, ಗಮಕಗಳಲ್ಲಿ ದಾರಿ ಬೇರೆಯಾಗುತ್ತದೆ, ಅದನ್ನೂ ಕೇಳಿಸಬೇಕು. ‘ಕೆರೆಯ ನೀರನು’ ಗೀತೆಯನ್ನು ಒಂದು ಕಡೆ ಮಲಹರಿಯಲ್ಲಿ ತ್ರಿಪುಟಕ್ಕೆ, ಇನ್ನೊಂದು ಕಡೆ ಭೈರವದ ಸ್ವರಗಳಲ್ಲಿ ಏಳು ಮಾತ್ರೆಯ ರೂಪಕಕ್ಕೆ ಹಾಡಿಸಿ ಒಂದೇ ಮುದ್ರಿಕೆಯಲ್ಲಿ ಅಕ್ಕಪಕ್ಕ ಇಡಲು ದೊಡ್ಡ ಅನುದಾನ ಬೇಕಾಗದು. ಎರಡೂ ಕಡೆಯ ಪಾಠ ಬಲ್ಲ ಇಬ್ಬರು ಸಂಗೀತದ ಮೇಷ್ಟರು, ಒಂದು ತಂಬೂರಿ, ಒಂದು ಮಧ್ಯಾಹ್ನ ಸಾಕು.